ಹಳೆಯ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಹೊಂದಿಸುವ ಬಗೆ

ಮೂಡಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕ ಡಬ್ಬದಲ್ಲಿ ಡಾಸ್ (ವಿಂಡೋಸ್‌ಗೂ ಮುಂಚಿನ ಕಾರ್ಯಾಚರಣಾ ವ್ಯವಸ್ಥೆ) ಆಟಗಳ ಹನ್ನೊಂದು ಫ್ಲಾಪಿಗಳಿದ್ದವು. ಒಂದರ ಲೋಹದ ಮುಚ್ಚಳ ಸರಿಸಿ ನೋಡಿದಾಗ, ಮಳೆಗಾಲದ ಥಂಡಿಗೆ ಒಳಗಿನ ಕಂದು ಹಾಳೆಯ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಇಂಥ ಫ್ಲಾಪಿಯನ್ನು ಡ್ರೈವ್‌ಗೆ ತುರುಕಬಾರದು. ಬೂಷ್ಟು ಓದುವ ಹೆಡ್‌ಗೆ ಅಂಟಿಕೊಂಡು ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಹಳೆಯ ಆಟಗಳಲ್ಲಿ ಹಲವಕ್ಕೆ ಈಗಲೂ ಹಕ್ಕುಸ್ವಾಮ್ಯವಿರುವುದರಿಂದ, ಗಾಗ್‌ನಂಥ (GOG) ಆನ್‌ಲೈನ್ ಮಳಿಗೆಯಲ್ಲಿ ಕೊಳ್ಳುವುದು ಲೇಸು. 1993ರ ಡೂಮ್ ಆಟದ ಮೊದಲ ಭಾಗವನ್ನು ಶೇರ್‌ವೇರ್ ಆಗಿ ಉಚಿತವಾಗಿಯೇ ಹಂಚಲಾಗಿತ್ತು. ಪ್ರಯೋಗಕ್ಕೆ ಅದು ಸಾಕು.

ಇಂದಿನ 64 ಬಿಟ್ ವಿಂಡೋಸ್, ಡಾಸ್ ಕಾಲದ 16 ಬಿಟ್ ತಂತ್ರಾಂಶಗಳನ್ನು ನಡೆಸುವುದೇ ಇಲ್ಲ. ಹಳೆಯ ಪ್ರೊಸೆಸರ್, ಸೌಂಡ್ ಬ್ಲಾಸ್ಟರ್ ಧ್ವನಿ ಕಾರ್ಡ್ ಮುಂತಾದವನ್ನೆಲ್ಲ ತಂತ್ರಾಂಶದಲ್ಲೇ ಅನುಕರಿಸುವ ಡಾಸ್‌ಬಾಕ್ಸ್ ಬೇಕಾಗುವುದು ಇದೇ ಕಾರಣಕ್ಕೆ. ಅದು ಉಚಿತ, ಸ್ಥಾಪಿಸಲು ಎರಡು ನಿಮಿಷವೂ ಬೇಡ.

ಹೊಸಬರು ಎಡವುವುದು ಇದಾದ ಮೇಲೆ. ಡಾಸ್‌ಬಾಕ್ಸ್‌ಗೆ ನಿಮ್ಮ ಹಾರ್ಡ್ ಡಿಸ್ಕ್ ತಾನಾಗಿ ಕಾಣುವುದಿಲ್ಲ. ಯಾವ ಫೋಲ್ಡರನ್ನು ಡ್ರೈವ್ ಎಂದು ತಿಳಿಯಬೇಕೆಂಬುದನ್ನು ನಾವೇ ಹೇಳಬೇಕು. ಆಟಗಳಿಗೆಂದೇ ಒಂದು ಫೋಲ್ಡರ್ ಮಾಡಿ, ಎಂಟು ಅಕ್ಷರ ಮೀರದ, ನಡುವೆ ತೆರಪಿಲ್ಲದ ಇಂಗ್ಲಿಷ್ ಹೆಸರಿಡಿ. ಆಮೇಲೆ ಡಾಸ್‌ಬಾಕ್ಸ್ ತೆರೆದಾಗ ಬರುವ ಕಪ್ಪು ಕಿಟಕಿಯಲ್ಲಿ ‘ಮೌಂಟ್’ ಎಂಬ ಆಜ್ಞೆ, ತೆರಪು, ‘ಸಿ’ ಅಕ್ಷರ, ಮತ್ತೊಂದು ತೆರಪು, ಕೊನೆಗೆ ಫೋಲ್ಡರಿನ ಪೂರ್ಣ ವಿಳಾಸವನ್ನು ಇಂಗ್ಲಿಷ್‌ನಲ್ಲಿ ಒತ್ತಿ ಎಂಟರ್ ಮಾಡಿ. ಅನಂತರ ‘ಸಿ’ ಮತ್ತು ಕೋಲನ್ ಒತ್ತಿದರೆ ಆ ಫೋಲ್ಡರಿನೊಳಗೆ ಬಂದಂತಾಯಿತು. ಇಡೀ ಸಿ ಡ್ರೈವನ್ನೇ ಮೌಂಟ್ ಮಾಡುವ ಸೋಮಾರಿತನ ಬೇಡ, ಒಂದು ತಪ್ಪು ಆಜ್ಞೆಗೆ ನಿಮ್ಮ ಕಡತಗಳೇ ಅಳಿಸಿಹೋದಾವು.

ಅಲ್ಲಿ ಆಟದ ಕಡತದ ಹೆಸರು ಒತ್ತಿ ಆಟ ತೆರೆದ ಮೇಲಿನ ನಿಜವಾದ ಕೆಲಸವೆಂದರೆ ವೇಗ ಹೊಂದಿಸುವುದು. ಆ ಕಾಲದ ಕೆಲವು ಆಟಗಳು ಪ್ರೊಸೆಸರಿನ ವೇಗವನ್ನೇ ನೆಚ್ಚಿಕೊಂಡು ಓಡುತ್ತಿದ್ದವು. ವೇಗ ಹೆಚ್ಚಾದರೆ ಪಾತ್ರ ಒಂದೇ ಒತ್ತಿಗೆ ಗೋಡೆಗೆ ಹೋಗಿ ಬಡಿಯುತ್ತದೆ. ಕಂಟ್ರೋಲ್ ಜೊತೆಗೆ ಎಫ್11 ಒತ್ತಿದರೆ ಸೈಕಲ್‌ಗಳು (ಡಾಸ್‌ಬಾಕ್ಸ್ ವೇಗವನ್ನು ಅಳೆಯುವ ಅಂಕೆ) ಇಳಿಯುತ್ತವೆ, ಎಫ್12 ಒತ್ತಿದರೆ ಏರುತ್ತವೆ. ಅಂಕೆ ಕಿಟಕಿಯ ಮೇಲಂಚಿನಲ್ಲಿ ಕಾಣುತ್ತದೆ. ಹಳೆಯ ಸಣ್ಣ ಆಟಗಳಿಗೆ 3000ದ ಆಸುಪಾಸು ಹೊಂದುತ್ತದೆ, ಡೂಮ್‌ನಂಥವಕ್ಕೆ ಅದರ ಹಲವು ಪಟ್ಟು ಬೇಕು. ಧ್ವನಿಯ ಬಗ್ಗೆ ಆಟ ಕೇಳಿದರೆ ಸೌಂಡ್ ಬ್ಲಾಸ್ಟರ್ ಆರಿಸಿ, ಆ ಕಾರ್ಡನ್ನು ಆಟ ಗುರುತಿಸಲು ಬೇಕಾದ ಅಂಕೆಗಳಾಗಿ ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಕೊಡಿ. ಮೌಸ್ ಕಿಟಕಿಯೊಳಗೆ ಸಿಕ್ಕಿಬಿದ್ದರೆ ಕಂಟ್ರೋಲ್ ಮತ್ತು ಎಫ್10 ಬಿಡಿಸುತ್ತದೆ.

ಪ್ರತಿಸಲ ಮೌಂಟ್ ಬರೆಯುವ ಬೇಸರ ತಪ್ಪಿಸಲು, ಸ್ಟಾರ್ಟ್ ಮೆನುವಿನ ಡಾಸ್‌ಬಾಕ್ಸ್ ಗುಂಪಿನಲ್ಲಿರುವ ಆಪ್ಷನ್ಸ್ ತೆರೆದು, ಕಡತದ ತೀರಾ ಕೊನೆಯಲ್ಲಿರುವ ‘ಆಟೋಎಕ್ಸೆಕ್’ ಭಾಗದಲ್ಲಿ ಆ ಎರಡು ಸಾಲುಗಳನ್ನು ಸೇರಿಸಿ ಉಳಿಸಿ. ಆಟದ ಪ್ರಗತಿ ಸಾಮಾನ್ಯವಾಗಿ ಅದೇ ಫೋಲ್ಡರಿನಲ್ಲಿ ಉಳಿಯುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋದೀತೆಂದು ಹೇಳಲಾಗದು, ಆದ್ದರಿಂದ ಆಟದ ನಡುನಡುವೆ ಸೇವ್ ಮಾಡುತ್ತಿರಿ, ಮುಗಿಸುವ ಮುನ್ನ ಫೋಲ್ಡರನ್ನು ಪೆನ್ ಡ್ರೈವ್‌ಗೆ ನಕಲಿಸಿ.