ಪ್ಲಸ್ ಪ್ಲಸ್ ಬಿಟ್ಟು ಮಕ್ಕಳ ಸಿಡುಕನ್ನು ಅಳೆಯಲು ಕಲಿತದ್ದು

ನಮ್ಮ ವಿಭಾಗದ ಹಳೇ ಫೈಲುಗಳನ್ನು ತೆಗೆದರೆ ನನ್ನದೇ ಕೈಬರಹದ ಒಂದು ಗುರುತು ಮತ್ತೆ ಮತ್ತೆ ಸಿಗುತ್ತದೆ: ‘ಇರಿಟೆಬಿಲಿಟಿ ++’. ಮಗು ಸಿಡುಕುತ್ತದೆ, ಜಾಸ್ತಿನೇ ಸಿಡುಕುತ್ತದೆ ಅಂತ ಅರ್ಥ. ಮೂರು ತಿಂಗಳು ಬಿಟ್ಟು ಅದೇ ಮಗು ಬಂದಾಗ ‘ಹೇಗಿದಾನಮ್ಮಾ ಈಗ?’ ಅಂತ ಕೇಳುತ್ತಿದ್ದೆ. ‘ಪರವಾಗಿಲ್ಲ ಮೇಡಂ’ ಅಂದರೆ ಒಂದು ಪ್ಲಸ್ ತೆಗೆಯುತ್ತಿದ್ದೆ. ‘ಹಂಗೇ ಅದಾನ್ರೀ’ ಅಂದರೆ ಎರಡೂ ಉಳಿಯುತ್ತಿದ್ದವು. ಬಸ್ಸಿನಲ್ಲಿ ಸೀಟು ಸಿಕ್ಕಿದ್ದ ದಿನ ‘ಪರವಾಗಿಲ್ಲ’, ನಿಂತುಕೊಂಡೇ ಬಂದ ದಿನ ‘ಹಂಗೇ ಅದಾನ್ರೀ’, ಹೀಗೂ ಇರಬಹುದಲ್ವಾ ಅಂತ ಹೊಳೆಯಲು ನನಗೆ ಕೆಲವು ವರ್ಷ ಬೇಕಾದವು.

ನಾನು ದಾವಣಗೆರೆ ಕಡೆಯ ಒಂದು ಮನೋವೈದ್ಯ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಹರಿಹರ, ಜಗಳೂರು, ಚನ್ನಗಿರಿ, ರಾಣೆಬೆನ್ನೂರಿನಿಂದ ಜನ ಬರುತ್ತಾರೆ. ಮಕ್ಕಳನ್ನು ಕರೆತರುವವರು ಬಹಳ ಸಲ ಮೊದಲು ಆಡುವ ಮಾತು ಸಿಟ್ಟಿನದೇ. ಓದು ಬರಲ್ಲ ಅನ್ನುವುದು ಎರಡನೆಯದು. ಸಿಟ್ಟಿನ ಹಿಂದೆ ಏನೂ ಇರಬಹುದು: ಎ.ಡಿ.ಎಚ್.ಡಿ. (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ), ಖಿನ್ನತೆ, ಆತಂಕ, ಆಟಿಸಂ, ಅಕ್ಷರ ಕೂಡಿಸಲಾಗದ ಸಂಕಟ, ಮನೆಯ ಜಗಳ. ಅದನ್ನು ಹುಡುಕುವುದು ಬೇರೆ ಕೆಲಸ. ಎಷ್ಟಿದೆ, ಈಗ ಎಷ್ಟಾಯಿತು ಅಂತ ಹೇಳಲು ನನ್ನ ಹತ್ತಿರ ಪ್ಲಸ್ ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಕೈಗೆ ಸಿಕ್ಕಿದ್ದು ಎ.ಆರ್.ಐ., ಅಂದರೆ ಅಫೆಕ್ಟಿವ್ ರಿಯಾಕ್ಟಿವಿಟಿ ಇಂಡೆಕ್ಸ್, ಸಿಡುಕನ್ನು ಅಳೆಯುವ ಪ್ರಶ್ನೆಗಳ ಹಾಳೆ. ಮಕ್ಕಳ ಮನೋವೈದ್ಯ ಆರ್ಗಿರಿಸ್ ಸ್ಟ್ರಿಂಗಾರಿಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಬರೀ 7 ಪ್ರಶ್ನೆ. ಒಂದೊಂದಕ್ಕೂ 0, 1 ಅಥವಾ 2. ಮೊದಲ 6 ಪ್ರಶ್ನೆ ಕೂಡಿಸಿದರೆ ಜಾಸ್ತಿ ಅಂದರೆ 12. ಏಳನೆಯದು, ಈ ಸಿಡುಕಿನಿಂದ ಮಗುವಿಗೆ ತೊಂದರೆ ಆಗುತ್ತಿದೆಯಾ ಅನ್ನುವುದು. ಅದನ್ನು ಕೂಡಿಸುವಂತಿಲ್ಲ, ಬೇರೆ ಇಡಬೇಕು. ನಾನು ಎರಡು ತಿಂಗಳು ಏಳನ್ನೂ ಕೂಡಿಸುತ್ತಿದ್ದೆ! ಒಬ್ಬ ಹುಡುಗನಿಗೆ 13 ಬಂದಾಗ ಎಚ್ಚರವಾಯಿತು. ಆ ಎರಡು ತಿಂಗಳ ಫೈಲುಗಳನ್ನೆಲ್ಲ ಕೂತು ತಿದ್ದಿದೆ.

ಅಪ್ಪ ಅಮ್ಮನಿಗೊಂದು, ಮಗುವಿಗೊಂದು, ಎರಡು ಹಾಳೆ. ಐದು ನಿಮಿಷದ ಕೆಲಸ. ಆದರೆ ಕನ್ನಡದಲ್ಲಿ ಕೇಳಲು ಹೋದಾಗ ಐದು ನಿಮಿಷಕ್ಕೆ ಮುಗಿಯಲಿಲ್ಲ.

ಮೊದಲು ‘ಕಿರಿಕಿರಿ’ ಅನ್ನುವ ಪದ ಹಾಕಿದ್ದೆ. ‘ಅವನಿಗೆ ಬೇಗ ಕಿರಿಕಿರಿ ಆಗುತ್ತಾ?’ ಒಬ್ಬ ತಾಯಿ ಥಟ್ಟನೆ ಅಂದರು: ‘ಅವನಿಗೆಲ್ಲಿ ಮೇಡಂ, ಕಿರಿಕಿರಿ ನಮಗೆ.’ ಅವರು ಹೇಳಿದ್ದೇ ಸರಿ. ನಮ್ಮ ಮಾತಿನಲ್ಲಿ ಕಿರಿಕಿರಿ ಪಡುವವರು ದೊಡ್ಡವರು, ಕಿರಿಕಿರಿ ಮಾಡುವುದು ಮಗು. ‘ಕೋಪ’ ಅಂದರೆ ಪುಸ್ತಕದ ಪದ. ‘ಸಿಟ್ಟು’ ಎಲ್ಲರಿಗೂ ಗೊತ್ತು, ಆದರೆ ಪಾತ್ರೆ ಎಸೆಯುವುದರಿಂದ ಹಿಡಿದು ಮುಖ ಊದಿಸಿಕೊಂಡು ಕೂರುವವರೆಗೆ ಎಲ್ಲ ಅದರಲ್ಲೇ ಬರುತ್ತದೆ. ‘ರೇಗುತ್ತಾನಾ’, ‘ಸಿಡಿಮಿಡಿ ಅಂತಾನಾ’, ‘ಮಾತಾಡಿಸಿದರೆ ಮೈಮೇಲೆ ಬರ್ತಾನಾ’, ಹೀಗೆ ಒಂದೊಂದನ್ನೂ ಬೇರೆ ಬೇರೆ ತಾಯಂದಿರ ಹತ್ತಿರ ಆಡಿ ನೋಡಿದೆ. ಕೊನೆಯದು ನಿಂತಿತು.

‘ಹಠ’ ಇನ್ನೊಂದು ತಲೆನೋವು. ಹಠವನ್ನೂ ಸಿಡುಕನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಬರುತ್ತಾರೆ. ಅದಕ್ಕೆ ಒಂದು ಪ್ರಶ್ನೆ ಇಟ್ಟುಕೊಂಡೆ: ‘ಕೇಳಿದ್ದು ಕೊಟ್ಟುಬಿಟ್ಟರೆ ನಿಲ್ಲುತ್ತಾ?’ ಮೊಬೈಲ್ ಕೊಟ್ಟ ಕೂಡಲೇ ನಗುತ್ತಾ ಕೂತರೆ ಅದರ ದಾರಿ ಬೇರೆ. ಮೊಬೈಲ್ ಕೊಟ್ಟರೂ ‘ಮೊದಲೇ ಯಾಕೆ ಕೊಡಲಿಲ್ಲ’ ಅಂತ ಅರ್ಧ ಗಂಟೆ ಗೊಣಗಿದರೆ, ಅಲ್ಲಿ ಪೆನ್ನು ತೆಗೆಯುತ್ತೇನೆ.

ಇನ್ನೊಂದು ಕಡೆ ಎಡವಿದ್ದು ಹೀಗೆ. ಆರು ಪ್ರಶ್ನೆಗಳಲ್ಲಿ ಎರಡು ಮೂರು ಕನ್ನಡಕ್ಕೆ ಬಂದ ಮೇಲೆ ಒಂದೇ ಥರ ಕೇಳಿಸುತ್ತವೆ. ಪದೇ ಪದೇ ಸಿಟ್ಟು ಬರುತ್ತಾ, ಬೇಗ ಸಿಟ್ಟು ಬರುತ್ತಾ, ಯಾವಾಗಲೂ ಸಿಟ್ಟಲ್ಲೇ ಇರುತ್ತಾನಾ. ರಾಣೆಬೆನ್ನೂರು ಕಡೆಯ ಒಬ್ಬರು ನನ್ನನ್ನೇ ಗದರಿದರು: ‘ಇದನ್ನ ಆಗ್ಲೇ ಕೇಳಿದ್ರಲ್ರೀ!’ ಆ ದಿನದಿಂದ ಬೆರಳು ಮಡಚಿ ಹೇಳಲು ಶುರು ಮಾಡಿದೆ. ಈಗ ಕೇಳುವುದು, ಎಷ್ಟು ಸಲ. ಈಗ, ಎಷ್ಟು ಸಣ್ಣದಕ್ಕೆ. ಈಗ, ಬಂದ ಸಿಟ್ಟು ಎಷ್ಟು ಹೊತ್ತು. ಇಷ್ಟು ಹೇಳಿದ ಮೇಲೆ ಉತ್ತರಗಳು ಬೇರೆ ಬೇರೆಯಾದವು. ‘ವಾರಕ್ಕೆ ಒಂದೇ ಸಲ ಮೇಡಂ, ಆದರೆ ಬಂದ್ರೆ ಸಂಜೆವರೆಗೂ ಇಳಿಯಲ್ಲ.’ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

‘ಕಳೆದ ಆರು ತಿಂಗಳಲ್ಲಿ’ ಅಂತ ಹಾಳೆಯಲ್ಲಿದೆ. ಆರು ತಿಂಗಳು ಅಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ‘ದೀಪಾವಳಿಯಿಂದ ಈಚೆಗೆ’, ‘ಶಾಲೆ ಶುರುವಾದಾಗಿನಿಂದ’ ಅಂದರೆ ಕಟ್ಟುತ್ತದೆ. ಯಾವಾಗ ಶುರುವಾಯಿತು ಅಂತ ಕೇಳಲು ನಮಗೆ ದುಗ್ಗಮ್ಮನ ಜಾತ್ರೆ ಇದೆ. ಎರಡು ವರ್ಷಕ್ಕೊಮ್ಮೆ ಬರುವುದರಿಂದ ‘ಹೋದ ಜಾತ್ರೆಗೆ ಮುಂಚೆನಾ, ಆಮೇಲಾ’ ಅಂದರೆ ಲೆಕ್ಕ ಪಕ್ಕಾ ಸಿಗುತ್ತದೆ.

ಯಾವಾಗಿನಿಂದ ಅನ್ನುವುದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ಈಚೆಗೆ ಸದಾ ಸಿಡುಕುವ ಮಕ್ಕಳಿಗೂ ಬೈಪೋಲಾರ್ (ಮನಸ್ಸು ಕೆಲವು ಕಾಲ ತೀರಾ ಉಬ್ಬಿ, ಕೆಲವು ಕಾಲ ಕುಗ್ಗಿ, ನಡುವೆ ಸರಿಯಾಗಿರುವ ಕಾಯಿಲೆ) ಅನ್ನುವ ಹಣೆಪಟ್ಟಿ ಹಚ್ಚುವುದು ಹೆಚ್ಚಾಯಿತು. ಅಲ್ಲಿನ ಮನೋವೈದ್ಯೆ ಎಲೆನ್ ಲೈಬೆನ್‌ಲುಫ್ಟ್ ಮತ್ತು ಜೊತೆಯವರು ಆ ಮಕ್ಕಳನ್ನು ವರ್ಷಗಟ್ಟಲೆ ನೋಡಿದರು. ವರ್ಷಪೂರ್ತಿ ಸಿಡುಕುವ ಮಕ್ಕಳಿಗೆ ಮುಂದೆ ಹೆಚ್ಚಾಗಿ ಬರುವುದು ಖಿನ್ನತೆ, ಆತಂಕ, ಬೈಪೋಲಾರ್ ಅಲ್ಲ ಅನ್ನುವುದು ಕಂಡುಬಂತು. ಅದರ ಫಲವಾಗಿ 2013ರ ಡಿ.ಎಸ್.ಎಂ.-5ರಲ್ಲಿ (ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಪುಸ್ತಕ) ಡಿ.ಎಂ.ಡಿ.ಡಿ., ಅಂದರೆ ಡಿಸ್‌ರಪ್ಟಿವ್ ಮೂಡ್ ಡಿಸ್‌ರೆಗ್ಯುಲೇಶನ್ ಡಿಸಾರ್ಡರ್ ಅನ್ನುವ ಹೊಸ ಹೆಸರು ಬಂತು: ವಾರಕ್ಕೆ ಸರಾಸರಿ ಮೂರು ಸಲವಾದರೂ ಸಿಟ್ಟಿನ ಸ್ಫೋಟ, ನಡುವೆಯೂ ಹೆಚ್ಚುಕಡಿಮೆ ದಿನಾ ಸಿಡುಕು, ಇದೆಲ್ಲ 12 ತಿಂಗಳು, ಮನೆ, ಶಾಲೆ, ಗೆಳೆಯರು ಇವುಗಳಲ್ಲಿ ಎರಡು ಕಡೆಯಾದರೂ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐ.ಸಿ.ಡಿ.-11ರವರು ಇದನ್ನು ಬೇರೆ ಕಾಯಿಲೆ ಮಾಡಲಿಲ್ಲ. ಎದುರು ನಿಲ್ಲುವ ಸ್ವಭಾವದ ಓ.ಡಿ.ಡಿ. ಅಡಿಯಲ್ಲೇ ‘ಸದಾ ಸಿಡುಕು, ಸಿಟ್ಟು ಇರುವ’ ಅನ್ನುವ ಬಾಲ ಸೇರಿಸಿದರು. ನನಗೆ ಆ ಬಾಲವೇ ಇಷ್ಟ, ಹೊಸ ಹೆಸರು ಬಂದರೆ ಊರಲ್ಲಿ ಹೊಸ ಗಾಬರಿ. ಏನೇ ಇರಲಿ, ‘ನಡುವೆ ಒಂದು ತಿಂಗಳು ಪೂರ್ತಿ ಚೆನ್ನಾಗಿದ್ನಾ?’ ಅಂತ ಕೇಳದೆ ನಾನು ಯಾವ ಫೈಲನ್ನೂ ಡಾಕ್ಟರಿಗೆ ದಾಟಿಸುವುದಿಲ್ಲ.

ಸ್ಫೋಟ ಬೇರೆ, ನಡುವಿನ ಸಿಡುಕು ಬೇರೆ ಅನ್ನುವುದನ್ನು ತಾಯಂದಿರಿಗೆ ಹೇಳಲು ಕಷ್ಟಪಡಬೇಕಿಲ್ಲ. ‘ಭಗ್ ಅಂತ ಉರಿಯೋದು ಒಂದು, ಬೂದಿ ಮುಚ್ಚಿದ ಕೆಂಡ ಇನ್ನೊಂದು’ ಅಂದರೆ ಸಾಕು. ‘ಇವಳದ್ದು ಕೆಂಡ ಮೇಡಂ’ ಅಂತ ತಾವೇ ಹೇಳುತ್ತಾರೆ. 2020ರಲ್ಲಿ ಇದೇ ಎ.ಆರ್.ಐ.ನ ಇನ್ನೊಂದು ರೂಪ ಬಂತು. ಅದರಲ್ಲಿ ನಾವೇ ಎದುರಿಗೆ ಕೂತು ಕಳೆದ ಒಂದು ವಾರದ್ದು ಕೇಳಬೇಕು. ಸ್ಫೋಟ, ನಡುವಿನ ಮನಸ್ಥಿತಿ, ತೊಂದರೆ, ಮೂರನ್ನೂ ಬೇರೆ ಬೇರೆ ಅಳೆಯುತ್ತಾರೆ. ಸಮಯ ಇದ್ದ ದಿನ ಆ ದಾರಿ ಹಿಡಿಯುತ್ತೇನೆ. ಸಮಯ ಇರುವ ದಿನ ಕಮ್ಮಿ.

ಹಾಳೆಯನ್ನು ಯಾರ ಕೈಗೆ ಕೊಡಬೇಕು ಅನ್ನುವುದನ್ನೂ ಪೆಟ್ಟು ತಿಂದೇ ಕಲಿತದ್ದು. ಒಂದು ಸಲ ಕ್ಯೂನಲ್ಲಿದ್ದಾಗಲೇ ತುಂಬಿಸಿ ಅಂತ ಅಪ್ಪನಿಗೆ ಕೊಟ್ಟೆ. ಎಲ್ಲದಕ್ಕೂ ಸೊನ್ನೆ ಹಾಕಿ ತಂದರು. ನೋಡಿದರೆ ಅವರು ಲಾರಿ ಡ್ರೈವರ್, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ, ಬಂದ ದಿನ ಮಗ ಬೆಕ್ಕಿನ ಮರಿ. ಅಮ್ಮನಿಗೆ ಓದಲು ಬರುವುದಿಲ್ಲ, ಹಾಗಾಗಿ ಹಾಳೆ ಗಂಡನ ಕೈಗೆ ಹೋಗಿತ್ತು. ಅಮ್ಮನನ್ನು ಕೂರಿಸಿ ಓದಿ ಹೇಳಿದಾಗ 10 ಬಂತು. ಈಗ ಮೊದಲು ಕೇಳುವುದು: ಈ ಆರು ತಿಂಗಳು ಮಗುವಿಗೆ ಊಟ ಹಾಕಿದ್ದು ಯಾರು? ಎಷ್ಟೋ ಸಲ ಅದು ಅಜ್ಜಿ.

ಅಮ್ಮನ ಅಂಕೆ, ಮಗುವಿನ ಅಂಕೆ ಕೂಡಿ ಬರುವುದೇ ಅಪರೂಪ. ಮೊದಮೊದಲು ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ (ಗುರುತು ಸಿಗದಂತೆ ಎಲ್ಲರ ವಿವರ ಬದಲಿಸಿದ್ದೇನೆ) ತಲೆನೋವು ಅಂತ ಬಂದಿದ್ದಳು. ಅಮ್ಮ ಕೊಟ್ಟದ್ದು 2. ‘ಇವಳು ಬಹಳ ಸಾಧು ಮೇಡಂ, ದನಿ ಎತ್ತಿದ್ದೇ ಇಲ್ಲ.’ ಅಮ್ಮನನ್ನು ಹೊರಗೆ ಕೂರಿಸಿ ಹುಡುಗಿಗೆ ಹಾಳೆ ಕೊಟ್ಟೆ. 10. ‘ಒಳಗೇ ಬರುತ್ತೆ. ತಟ್ಟೆ ಸದ್ದಾದ್ರೂ ಬರುತ್ತೆ. ಬಾತ್‌ರೂಮಿಗೆ ಹೋಗಿ ನೀರು ಬಿಟ್ಕೊಂಡು ಕೂರ್ತೀನಿ’ ಅಂದಳು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಖಿನ್ನತೆ ದುಃಖದ ಬದಲು ಸಿಡುಕಾಗಿಯೂ ಕಾಣಿಸಿಕೊಳ್ಳುತ್ತದೆ. ಇವಳ ಸಿಡುಕು ಹೊರಗೂ ಬಂದಿರಲಿಲ್ಲ. ಅವಳ ಹಾಳೆ ಇಲ್ಲದಿದ್ದರೆ ತಲೆನೋವಿನ ಮಾತ್ರೆ ತಗೊಂಡು ಹೋಗಿರುತ್ತಿದ್ದಳು. ಎರಡು ಅಂಕೆಗಳ ಸರಾಸರಿ ಮಾತ್ರ ತೆಗೆಯಬೇಡಿ. 2 ಮತ್ತು 10ರ ಸರಾಸರಿ 6, ಆ 6 ಯಾರದ್ದೂ ಅಲ್ಲ.

ಮಾತು ಬಾರದ ಮಕ್ಕಳಿಗೆ ಎ.ಆರ್.ಐ. ಒಗ್ಗುವುದಿಲ್ಲ. ಅವರಿಗೆ ಎ.ಬಿ.ಸಿ., ಅಂದರೆ ಅಬೆರಂಟ್ ಬಿಹೇವಿಯರ್ ಚೆಕ್‌ಲಿಸ್ಟ್‌ನಲ್ಲಿ ಸಿಡುಕಿನ 15 ಪ್ರಶ್ನೆಗಳಿವೆ. ಆಟಿಸಂ ಇರುವ ಒಬ್ಬ ಪುಟ್ಟನ ಅಂಕೆ ಒಂದೇ ತಿಂಗಳಲ್ಲಿ ಜಿಗಿದಿತ್ತು. ಮಾತ್ರೆ ಹೆಚ್ಚಿಸುವ ಮಾತೂ ಆಗಿತ್ತು. ಎಡಗೆನ್ನೆಗೇ ಹೊಡೆದುಕೊಳ್ಳುತ್ತಾನೆ ಅಂತ ಅಜ್ಜಿ ಹೇಳಿದ್ದರಿಂದ ಬಾಯಿ ತೆಗೆಸಿ ನೋಡಿದೆವು. ದವಡೆ ಹಲ್ಲು ಹುಳುಕಾಗಿ ಊದಿಕೊಂಡಿತ್ತು.

ಕನ್ನಡದ ಹಾಳೆ ನನ್ನ ಕೈಬಳಕೆಯದು, ನೂರಾರು ಮಕ್ಕಳ ಮೇಲೆ ಪರೀಕ್ಷಿಸಿ ಒಪ್ಪಿಸಿದ್ದಲ್ಲ. ಅದಕ್ಕೇ ಒಂದು ಮಗುವನ್ನು ಅದರ ಹಳೇ ಅಂಕೆಯ ಜೊತೆಗೆ ಮಾತ್ರ ಹೋಲಿಸುತ್ತೇನೆ, ಪಕ್ಕದ ಮಗುವಿನ ಜೊತೆ ಅಲ್ಲ. ಒಂದು ಅಂಕೆ ಇಳಿದರೆ ಕುಣಿಯುವುದೂ ಇಲ್ಲ. ಒಬ್ಬ ಹುಡುಗನದು 9ರಿಂದ 7ಕ್ಕೆ ಬಂದಿತ್ತು, ಅಷ್ಟೇ. ಆದರೆ ಏಳನೇ ಪ್ರಶ್ನೆ 2ರಿಂದ 0ಗೆ ಇಳಿದಿತ್ತು. ಸಿಟ್ಟು ಬರುತ್ತಲೇ ಇತ್ತು, ತಂಗಿಯನ್ನು ಹೊಡೆಯುವುದು ಬಿಟ್ಟಿದ್ದ. ಅವರ ಮನೆಗೆ ಬೇಕಾಗಿದ್ದದ್ದು ಅದೇ.

ಇನ್ನು ಕ್ಯಾಲೆಂಡರ್. ನನ್ನ ಮಟ್ಟಿಗೆ ಎಲ್ಲ ಹಾಳೆಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಗೋಡೆಯ ಕ್ಯಾಲೆಂಡರೇ. ಮೊದಲು ಮೂರು ಬಣ್ಣ, ಐದು ಖಾನೆಯ ಚಾರ್ಟ್ ಮಾಡಿಕೊಟ್ಟಿದ್ದೆ. ಒಂದೂ ವಾಪಸ್ ಬರಲಿಲ್ಲ. ಈಗ ಒಂದು ಕೆಂಪು ಪೆನ್ನು. ಸ್ಫೋಟಕ್ಕೊಂದು ಚುಕ್ಕೆ, ಪಕ್ಕದಲ್ಲಿ ಎಷ್ಟು ಗಂಟೆ ಅಂತ. ದಿನವಿಡೀ ಮುಖ ಗಂಟಿಕ್ಕಿಕೊಂಡಿದ್ದರೆ ಒಂದು ಅಡ್ಡಗೆರೆ. ಭೇಟಿಗೆ ಬರುವಾಗ ಆ ತಿಂಗಳ ಹಾಳೆ ಹರಿದು ತರಬೇಕು. ಅದರಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ತಂದ ದಿನ, ಸಂಘದ ಕಂತು ಎಲ್ಲ ಇರುತ್ತದೆ. ಒಬ್ಬರ ಹಾಳೆಯಲ್ಲಿ ಯಾವ ಚುಕ್ಕೆ ಹಾಲಿಂದು, ಯಾವುದು ಮಗಂದು ಅಂತ ಬಿಡಿಸಲು ಹತ್ತು ನಿಮಿಷ ಹಿಡಿಯಿತು.

ಎ.ಡಿ.ಎಚ್.ಡಿ.ಗೆ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ತಗೊಳ್ಳುತ್ತಿದ್ದ ಐದನೇ ಕ್ಲಾಸಿನ ಹುಡುಗನ ಹಾಳೆ ತಂದರು. ಮಾತ್ರೆ ಅವನಿಗೆ ಆಗಿಬರುತ್ತಿಲ್ಲ, ಸಿಟ್ಟು ಹೆಚ್ಚಾಗಿದೆ ಅನ್ನುವುದು ಮನೆಯವರ ದೂರು. ಗಂಟೆಗಳನ್ನು ನೋಡಿದೆ: 5, 5.30, 6, 5.30. ಭಾನುವಾರ ಬೆಳಿಗ್ಗೆ ಒಂದೂ ಇಲ್ಲ. ಮಾತ್ರೆಯ ಬಲ ಇಳಿಯುವ ಹೊತ್ತು ಅದು. ಮಾತ್ರೆಯಿಂದ ಹಸಿವೂ ಸತ್ತು, ಮಧ್ಯಾಹ್ನ ತಟ್ಟೆ ಮುಟ್ಟದೆ ಮನೆಗೆ ಬರುತ್ತಿದ್ದ. ಬಂದ ಕೂಡಲೇ ಹೋಂವರ್ಕ್! ಹಾಳೆಯನ್ನು ನಮ್ಮ ಡಾಕ್ಟರ ಮುಂದೆ ಇಟ್ಟೆ. ಅವರು ಮಾತ್ರೆಯ ಹೊತ್ತು ಬದಲಿಸಿದರು, ನಾನು ಮನೆಗೆ ಬಂದ ತಕ್ಷಣ ಮೊಸರನ್ನ, ಹೋಂವರ್ಕ್ ಏಳಕ್ಕೆ ಅಂತ ಬರೆದುಕೊಟ್ಟೆ. ಮುಂದಿನ ತಿಂಗಳು ಕೆಂಪು ಚುಕ್ಕೆ 9ಕ್ಕೆ ಬಂದಿತ್ತು, ಅದಕ್ಕೆ ಮುಂಚೆ 22 ಇತ್ತು.

ಆ ಹಾಳೆಯಲ್ಲಿ ನೀಲಿ ಚುಕ್ಕೆಗಳೂ ಇದ್ದವು. ಹಾಲಿನ ಲೆಕ್ಕವಿರಬೇಕು ಅಂದುಕೊಂಡೆ. ‘ಅದು ಅಪ್ಪಂದು’ ಅಂದ ಹುಡುಗ. ಎಣಿಸಿದರೆ 11. ಅಪ್ಪ ನಕ್ಕರು, ಅಮ್ಮ ನಗಲಿಲ್ಲ.

ಅದರ ಮುಂದಿನ ತಿಂಗಳ ಹಾಳೆಯಲ್ಲಿ ಒಂದೂ ನೀಲಿ ಚುಕ್ಕೆ ಇಲ್ಲ. ಅಪ್ಪನ ಸಿಟ್ಟು ಇಳಿಯಿತೋ, ನೀಲಿ ಪೆನ್ನು ಕಿತ್ತುಕೊಂಡರೋ ಗೊತ್ತಾಗಲಿಲ್ಲ. ಮುಂದಿನ ಸಲ ಹುಡುಗನನ್ನು ಒಬ್ಬನೇ ಕೂರಿಸಿ ಕೇಳಬೇಕು ಅಂತ ಫೈಲಿನಲ್ಲಿ ಬರೆದಿಟ್ಟಿದ್ದೇನೆ.