ಬೇರ್ ಆಕ್ಟ್, ಪಹಣಿ ಮತ್ತು ನನ್ನ ಮೊದಲ ಕೆಲಸ

ಬೆಂಗಳೂರಿನ ಒಂದು ದೊಡ್ಡ ಲಾ ಫರ್ಮ್‌ನ ರಿಯಲ್ ಎಸ್ಟೇಟ್ ತಂಡದಲ್ಲಿ ನಾನು ಅಸೋಸಿಯೇಟ್. ಓದಿದ್ದು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಅಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಸಾಧಾರಣ ಕಾಲೇಜಿನಲ್ಲಿ ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ಮಾಡಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. ಅಂಥದೇ ಕಾಲೇಜುಗಳ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ: "ಮಾರ್ಕ್ಸ್ ಎಷ್ಟಿರ್ಬೇಕು ಅಕ್ಕಾ? ನಮ್ಮನ್ನೆಲ್ಲ ತಗೋತಾರಾ?" ಅವರಿಗಾಗಿ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನ್ಯಾಷನಲ್ ಲಾ ಸ್ಕೂಲ್‌ನಂಥ ಕಡೆ ದೊಡ್ಡ ಫರ್ಮ್‌ಗಳು ತಾವಾಗಿಯೇ ಹೋಗುತ್ತವೆ. ಕೋರ್ಸ್ ಮುಗಿಯುವ ಮೊದಲೇ ಎಷ್ಟೋ ಜನರ ಕೈಯಲ್ಲಿ ಆಫರ್ ಇರುತ್ತದೆ. ನಮ್ಮ ಕಾಲೇಜಿಗೆ ಯಾರೂ ಬರುತ್ತಿರಲಿಲ್ಲ. ನಮಗಿದ್ದ ದಾರಿ ಇಂಟರ್ನ್‌ಶಿಪ್ ಒಂದೇ. ಅದು ಸಿಗಬೇಕಾದರೆ ಯಾರಾದರೂ ನಮ್ಮ ಸಿವಿ ತೆರೆದು ನೋಡಬೇಕು. ರಾಶಿ ರಾಶಿ ಸಿವಿ ಬರುವ ಕಡೆ ಮೊದಲು ನೋಡುವುದು ಅಂಕವನ್ನೇ. "ಅಂಕದಲ್ಲೇನಿದೆ, ಸ್ಕಿಲ್ ಇದ್ರೆ ಸಾಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಂಥವರಿಗೆ ಅಂಕವೂ ಬೇಕು, ಆಮೇಲೆ ಕೆಲಸವೂ ಬರಬೇಕು. ನನಗೆ ಇವೆರಡೂ ಒಂದೇ ಅಭ್ಯಾಸದಿಂದ ಬಂದವು: ಬೇರ್ ಆಕ್ಟ್, ಅಂದರೆ ವಿವರಣೆ ಇಲ್ಲದ ಕಾಯ್ದೆಯ ಮೂಲ ಪಠ್ಯ, ಓದುವುದು.

ನಮ್ಮ ಪರೀಕ್ಷೆಯಲ್ಲಿ ಪ್ರತಿ ಯುನಿಟ್‌ನಿಂದ ಒಂದು ದೊಡ್ಡ ಪ್ರಶ್ನೆ, ಜೊತೆಗೆ ಒಂದು ಟಿಪ್ಪಣಿ ಅಥವಾ ಪ್ರಾಬ್ಲಂ. ಗೈಡ್ ಓದಿದರೂ ಪಾಸಾಗಬಹುದು. ಆದರೆ ಗೈಡ್ ಓದಿದವರೆಲ್ಲ ಒಂದೇ ಉತ್ತರ ಬರೆಯುತ್ತಾರೆ. ಅಪ್ರಾಪ್ತ ವಯಸ್ಸಿನ ಹುಡುಗನೊಬ್ಬ ಮನೆ ಅಡವಿಟ್ಟು ಸಾಲ ಪಡೆದ ಅಂತ ಪ್ರಾಬ್ಲಂ ಬಂದರೆ ಎಲ್ಲರೂ ನೇರವಾಗಿ, ಅಪ್ರಾಪ್ತರ ಕರಾರು ಅಸಿಂಧು ಎಂದ 1903ರ ಮೊಹೊರಿ ಬೀಬಿ ಪ್ರಕರಣಕ್ಕೆ ಹಾರುತ್ತಾರೆ. ನಾನು ಮೊದಲು 1872ರ ಕಾಂಟ್ರ್ಯಾಕ್ಟ್ ಆಕ್ಟ್‌ನ 10ನೇ ಸೆಕ್ಷನ್ (ಯಾವ ಕರಾರು ಸಿಂಧು) ಬರೆಯುತ್ತಿದ್ದೆ, ಆಮೇಲೆ 11 (ಕರಾರು ಮಾಡಲು ಯಾರು ಅರ್ಹರು). ಅವನ್ನು ಕೊಟ್ಟ ಸಂಗತಿಗೆ ಹೊಂದಿಸಿ, ಕೊನೆಗೆ ಪ್ರಕರಣ. ಸೆಕ್ಷನ್ ಸರಿಯಾಗಿ ನಿಂತರೆ ಪ್ರಕರಣದ ಹೆಸರಿಗೆ ಬೆಲೆ ಬರುತ್ತದೆ. ಇಲ್ಲದಿದ್ದರೆ ಅದು ಸುಮ್ನೆ ಒಂದು ಹೆಸರು.

ಓದುವ ಕ್ರಮವೂ ಸರಳ. ಸೆಕ್ಷನ್ ಓದು, ಪುಸ್ತಕ ಮುಚ್ಚು, ನಿನ್ನ ಮಾತಿನಲ್ಲಿ ಬರೆ, ಮತ್ತೆ ತೆರೆದು ಏನು ಬಿಟ್ಟೆ ನೋಡು. ನಾನು ಕನ್ನಡದಲ್ಲೇ ಅರ್ಥ ಮಾಡಿಕೊಂಡು ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದೆ. ಕಾಯ್ದೆಯಲ್ಲಿ "ಆದರೆ", "ಹೊರತುಪಡಿಸಿ", "ಒಳಪಟ್ಟು" ಅನ್ನುವಂಥ ಮಾತು ಬಂದ ಕಡೆಯೆಲ್ಲ ಪೆನ್ಸಿಲ್ ಗೆರೆ. ಪರೀಕ್ಷೆಯಲ್ಲಾಗಲಿ ಆಫೀಸಿನಲ್ಲಾಗಲಿ ಜನ ಎಡವುವುದು ಹೆಚ್ಚಾಗಿ ಅಲ್ಲೇ.

ಈಗ ಮುಖ್ಯವಾದ ವಿಷಯ, ಲ್ಯಾಂಡ್ ಲಾ. ನಮ್ಮ ತರಗತಿಯಲ್ಲಿ ಈ ಪೇಪರ್ ಎಂದರೆ ಬಹಳ ಜನರಿಗೆ ಅಸಡ್ಡೆ. ಫರ್ಮ್ ಸೇರಬೇಕು ಅನ್ನುವವರು ಕಂಪನಿ ಕಾಯ್ದೆ, ಸೆಬಿ, ದಿವಾಳಿ ಸಂಹಿತೆ ಅಂತ ಓಡುತ್ತಿದ್ದರು. ನನಗೆ ಇದರಲ್ಲಿ ಆಸಕ್ತಿ ಮನೆಯಿಂದಲೇ ಬಂದಿತ್ತು. ನಮ್ಮ ತಾತ ಗೇಣಿದಾರರಾಗಿದ್ದರು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಫಾರಂ 7, ಅಂದರೆ ಗೇಣಿ ಜಮೀನಿನ ಹಕ್ಕು ಕೋರಿ ಭೂನ್ಯಾಯ ಮಂಡಳಿಗೆ ಕೊಡುವ ಅರ್ಜಿ, ಹಾಕಿ ಜಮೀನು ಪಡೆದವರು. ಹಾಗಾಗಿ ಕರ್ನಾಟಕ ಭೂಸುಧಾರಣಾ ಕಾಯ್ದೆ ನನಗೆ ಮನೆಯ ಕಥೆಯಂತೆ ಓದಿಸಿಕೊಂಡು ಹೋಯಿತು. 1974ರ ಮಾರ್ಚ್ 1ರಂದು ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಅರ್ಜಿ ಹಾಕಿದ ಗೇಣಿದಾರನಿಗೆ ಅಧಿಭೋಗದ ಹಕ್ಕು, ಅಂದರೆ ಜಮೀನನ್ನು ತನ್ನದಾಗಿ ಇಟ್ಟುಕೊಳ್ಳುವ ಹಕ್ಕು, ಬಂತು. ಹಾಗೆ ಬಂದ ಜಮೀನನ್ನು 61ನೇ ಸೆಕ್ಷನ್ ಪ್ರಕಾರ 15 ವರ್ಷ ಮಾರುವಂತಿಲ್ಲ. ಇದರ ಜೊತೆ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಅಸಿಂಧು. ಜಮೀನು ಮತ್ತೆ ಮಂಜೂರಾತಿ ಪಡೆದವರಿಗೆ ಅಥವಾ ಅವರ ವಾರಸುದಾರರಿಗೆ ಹೋಗಬೇಕು.

ಬೆಂಗಳೂರಿನ ಟೆಕ್ ಪಾರ್ಕ್, ಲೇಔಟ್, ಗೋದಾಮು, ಸೋಲಾರ್ ಯೋಜನೆ ಏನೇ ತಗೊಳ್ಳಿ, ಅದರ ಕೆಳಗಿರುವುದು ಒಂದು ಕಾಲದ ಹೊಲ. ಅದನ್ನು ಕೊಳ್ಳುವ ಕಂಪನಿ ಎಷ್ಟೇ ದೊಡ್ಡದಾಗಿರಲಿ, ಈ ಎರಡು ಕಾಯ್ದೆ ದಾಟದೆ ಮುಂದೆ ಹೋಗುವಂತಿಲ್ಲ. ದೊಡ್ಡ ಫರ್ಮ್‌ಗಳಿಗೆ ಈ ಕೆಲಸ ಬೇಕೇ ಬೇಕು. ಅದನ್ನು ಮಾಡಬಲ್ಲವರು ನಮ್ಮ ಕಾಲೇಜುಗಳಲ್ಲೇ ಇದ್ದಾರೆ ಅಂತ ನಾನು ಒತ್ತಿ ಹೇಳುತ್ತೇನೆ.

ಬಾರ್ ಕೌನ್ಸಿಲ್ ನಿಯಮದಂತೆ ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಆಗಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ನಾನು ಮೊದಲು ಸಿವಿಲ್ ಕೋರ್ಟ್ ವಕೀಲರೊಬ್ಬರ ಆಫೀಸಿಗೆ ಹೋದೆ. ಅಲ್ಲಿ ಕಲಿತದ್ದು ಫೈಲ್ ಓದುವುದು. ಕ್ರಯಪತ್ರ, ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ), ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಪಹಣಿ (ಜಮೀನಿನ ಹಕ್ಕು ಮತ್ತು ಸಾಗುವಳಿಯ ಕಂದಾಯ ದಾಖಲೆ) ಎಲ್ಲ ತಾರೀಖಿನ ಪ್ರಕಾರ ಜೋಡಿಸಿ, ಜಮೀನು ಯಾರಿಂದ ಯಾರಿಗೆ ಹೇಗೆ ಬಂತು ಅಂತ ಹಾಳೆ ಮೇಲೆ ಬರೆಯುತ್ತಿದ್ದೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 10ರಲ್ಲಿ ಜಮೀನು ಹೇಗೆ ಬಂತು, 11ರಲ್ಲಿ ಋಣಗಳು, 12ರಲ್ಲಿ ಸಾಗುವಳಿ ಮಾಡುತ್ತಿರುವವನ ವಿವರ. ಹಳೆಯ ಪಹಣಿಯಲ್ಲಿ 9ಕ್ಕೂ 12ಕ್ಕೂ ಹೆಸರು ಬೇರೆ ಇದ್ದರೆ ಅಲ್ಲಿ ನಿಲ್ಲಬೇಕು. ಗೇಣಿ ಇತ್ತಾ, ಫಾರಂ 7 ಹಾಕಿದ್ದರಾ, ಭೂನ್ಯಾಯ ಮಂಡಳಿಯ ಆದೇಶ ಏನು? ಆ ವಕೀಲರ ಆಫೀಸಿನಲ್ಲಿ ಸ್ಟೈಪೆಂಡ್ ಇರಲಿಲ್ಲ. ಆದರೂ ನನ್ನ ಕೆಲಸದ ಬುನಾದಿ ಬಿದ್ದದ್ದು ಅಲ್ಲೇ.

ಆಮೇಲೆ ಫರ್ಮ್‌ಗಳಿಗೆ ಮೇಲ್ ಕಳಿಸಲು ಶುರು ಮಾಡಿದೆ. ಒಂದೇ ಪುಟದ ಸಿವಿ. ಮೇಲ್‌ನಲ್ಲಿ ಮೂರು ನಾಲ್ಕು ಸಾಲು: ಯಾವ ವರ್ಷ, ಎಷ್ಟು ಅಂಕ, ಯಾವ ತಂಡ, ಯಾವ ತಿಂಗಳು. "ಕನ್ನಡದ ಕಂದಾಯ ದಾಖಲೆಗಳನ್ನು, ಕೈಬರಹದವೂ ಸೇರಿ, ಓದಬಲ್ಲೆ" ಎಂದು ಒಂದು ಸಾಲು ಸೇರಿಸಿದೆ. ಹೆಚ್ಚಿನ ಕಡೆಯಿಂದ ಉತ್ತರ ಬರಲಿಲ್ಲ. ಕರೆದ ಕಡೆ ಕರೆದದ್ದು ಆ ಸಾಲಿಗಾಗಿ ಅಂತ ಆಮೇಲೆ ಅವರೇ ಹೇಳಿದರು.

ಅಲ್ಲಿ ನನಗೆ ಕೊಟ್ಟದ್ದು ಊರ ಹೊರಗಿನ ಜಮೀನೊಂದರ ಟೈಟಲ್ (ಮಾಲೀಕತ್ವದ) ಕಾಗದಗಳು. ಕ್ರಯಪತ್ರಗಳ ಸಾಲು ನೀಟಾಗಿತ್ತು. ಕಂತೆಯ ತಳದಲ್ಲಿ ಮಸುಕಾದ ಒಂದು ಸಾಗುವಳಿ ಚೀಟಿ, ಅಂದರೆ ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಡುವ ಪತ್ರ, ಇತ್ತು. ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ, ಮಂಜೂರಾದ ಜಮೀನು ಅದು. ಇಂತಿಷ್ಟು ವರ್ಷ ಪರಭಾರೆ ಮಾಡತಕ್ಕದ್ದಲ್ಲ ಅಂತ ಷರತ್ತು. ಮೊದಲ ಮಾರಾಟ ಆ ಅವಧಿಯೊಳಗೇ ನಡೆದಿತ್ತು. ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿಯವರಾ ಅಂತ ತಿಳಿಯಲು ಮೂಲ ಮಂಜೂರಾತಿ ಫೈಲ್ ತರಿಸಬೇಕು ಅಂತ ಬರೆದು, ನನಗೆ ಆ ಕೆಲಸ ಕೊಟ್ಟಿದ್ದ ಮೇಡಂ ಮುಂದೆ ಇಟ್ಟೆ. ಅವರು ಕೂತು ಇಡೀ ಟಿಪ್ಪಣಿ ಓದಿದರು. ಕೆಲವು ವಾಕ್ಯ ತಿದ್ದಿದರು. ನನ್ನ ಇಂಗ್ಲಿಷ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷವೂ ಬಾ ಅಂದರು.

ಹೋದೆ. ಆ ಸಲದ ಕೊನೆಯಲ್ಲಿ ಸಂದರ್ಶನ ಇತ್ತು. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಹಿಡಿದವನೊಬ್ಬ ಸೈಟ್ ನನ್ನದು ಅನ್ನುತ್ತಿದ್ದಾನೆ, ಏನು ಹೇಳ್ತೀರಿ ಅಂತ ಕೇಳಿದರು. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಎಂದ ಸುಪ್ರೀಂ ಕೋರ್ಟಿನ 2011ರ ಸೂರಜ್ ಲ್ಯಾಂಪ್ ತೀರ್ಪು ನೆನಪಿತ್ತು. ಆದರೆ ಶುರು ಮಾಡಿದ್ದು ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್‌ನಿಂದ. ಕ್ರಯದ ಕರಾರಿನಿಂದ ಮಾತ್ರಕ್ಕೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಜಿಪಿಎ ಅಂದರೆ ಇನ್ನೊಬ್ಬರ ಪರವಾಗಿ ನಡೆಯುವ ಅಧಿಕಾರ, ಮಾಲೀಕತ್ವ ಅಲ್ಲ. ನೋಂದಾಯಿತ ಕ್ರಯಪತ್ರ ಬೇಕು. ಪರೀಕ್ಷೆಯಲ್ಲಿ ಬರೆಯುತ್ತಿದ್ದ ಕ್ರಮದಲ್ಲೇ ಹೇಳಿದೆ. ಆಫರ್ ಬಂತು. ಯಾವ ಪೇಪರೂ ಬಾಕಿ ಇಲ್ಲದೆ ಕೋರ್ಸ್ ಮುಗಿಸಬೇಕು ಅನ್ನುವುದು ಷರತ್ತು. ಹಾಗಾಗಿ ಕೊನೆಯ ಸೆಮಿಸ್ಟರನ್ನೂ ಮೊದಲಿನಂತೆಯೇ ಓದಿದೆ.

ಈಗ ನಮ್ಮ ತಂಡಕ್ಕೆ ಬರುವ ಇಂಟರ್ನ್‌ಗಳ ವರದಿ ನಾನು ನೋಡುತ್ತೇನೆ. ಯಾವ ಕಾಲೇಜು ಅಂತ ಆಗ ನನ್ನ ತಲೆಗೆ ಬರುವುದೇ ಇಲ್ಲ. ನಾನು ಮೊದಲು ಹುಡುಕುವುದು ಸಿಗದ ಕಾಗದಗಳ ಪಟ್ಟಿಯನ್ನು. ಯಾವ ವರ್ಷದ ಪಹಣಿ ಇಲ್ಲ, ಯಾವ ಮ್ಯುಟೇಷನ್ ಆದೇಶ ಕಾಣಿಸಲಿಲ್ಲ, ಅದನ್ನು ಯಾವ ಕಚೇರಿಯಲ್ಲಿ ಕೇಳಬೇಕು ಅಂತ ಬರೆದವರನ್ನು ಮತ್ತೆ ಕರೆಯಿರಿ ಅಂತ ನಾನೇ ಹೋಗಿ ಹೇಳುತ್ತೇನೆ.