ಡೆಫಿನೆಟ್ಲಿಗೆ ಒಂದು ಬಾಂದು ಕಲ್ಲು

ಮಂಡ್ಯದಲ್ಲಿ ಟ್ಯೂಷನ್ ಶುರು ಮಾಡಿದ ವರ್ಷ ಮನೆ ಮುಂದೆ ಫ್ಲೆಕ್ಸ್ ಕಟ್ಟಿಸಿದ್ದೆ. 'ಡೆಫಿನೆಟ್ಲಿ ಪಾಸ್' ಅಂತ, ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ. ಮೂರನೇ ದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು, "ಮಿಸ್, ಎನ್ ಆದ್ಮೇಲೆ ಎ ಬರಲ್ಲ, ಐ ಬರುತ್ತೆ" ಅಂದಳು. ಚೀಟಿಯಲ್ಲಿ ಬರೆದುಕೊಟ್ಟವಳು ನಾನೇ. ಪ್ರಿಂಟ್ ಮಾಡಿದವನನ್ನು ಬೈಯುವ ಹಾಗೂ ಇರಲಿಲ್ಲ.

ಆಮೇಲೆ ಈ ಪದವನ್ನು ಬಾಯಿಪಾಠ ಮಾಡಿಸುವುದು ಬಿಟ್ಟೆ. ಬಿಡಿಸಿ ತೋರಿಸುತ್ತೇನೆ. ನೀವೂ ಮಾಡಿ ನೋಡಿ.

ಮೊದಲು ಬಾಲ ಕತ್ತರಿಸಿ. ಕೊನೆಯ ಎಲ್, ವೈ ಹಳೆಯ ಇಂಗ್ಲಿಷಿನದು, ಲ್ಯಾಟಿನ್ ಅಲ್ಲ. ನಮ್ಮ 'ಚೆನ್ನಾಗಿ'ಯಲ್ಲಿ 'ಆಗಿ' ಇದೆಯಲ್ಲ, ಅದೇ ಕೆಲಸ. ಉಳಿದದ್ದು ಡೆಫಿನಿಟ್. ಅದರ ಹೊಟ್ಟೆಯಲ್ಲಿ ಲ್ಯಾಟಿನ್ನಿನ ಫೀನಿಸ್ ಕೂತಿದೆ. ಅಂದರೆ ಕೊನೆ, ಗಡಿ. ಫಿನಿಶ್, ಫೈನಲ್ ಎರಡೂ ಅದೇ ಮನೆಯವು. ಗಡಿ ಹಾಕುವುದು ಡೆಫಿನೀರೆ, ಗಡಿ ಹಾಕಿ ಆಗಿದ್ದು ಡೆಫಿನೀಟಸ್.

ಮಕ್ಕಳಿಗೆ ಇಲ್ಲಿ ಗದ್ದೆ ತೋರಿಸುತ್ತೇನೆ. ಬದುವನ್ನು ವರ್ಷಕ್ಕೊಂದು ಗೇಣು ಕಡಿದು ಒತ್ತರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಕಬ್ಬು ಎದ್ದ ಮೇಲಂತೂ ಯಾರಿಗೂ ಕಾಣುವುದಿಲ್ಲ. ಸರ್ವೆಯವರು ಅಳೆದು ಬಾಂದು ಕಲ್ಲು ನೆಟ್ಟರೆ ಮಾತು ಮುಗಿಯಿತು. ಆ ಕಲ್ಲು ನೆಟ್ಟ ಗದ್ದೆಯೇ ಡೆಫಿನಿಟ್.

ಈಗ ಆ ಐ. ಲ್ಯಾಟಿನ್ ಕ್ರಿಯಾಪದ 'ಈರೆ' ಅಂತ ಮುಗಿದು 'ಈಟಸ್' ಆಗಿದ್ದರೆ ಇಂಗ್ಲಿಷಿನಲ್ಲಿ ಐ ಉಳಿಯುತ್ತದೆ. 'ಆರೆ' ಅಂತ ಮುಗಿದು 'ಆಟಸ್' ಆಗಿದ್ದರೆ ಎ. ಪೊಲೀರೆ ಅಂದರೆ ಪಾಲಿಶ್ ಮಾಡು, ಅದಕ್ಕೇ ಪೊಲೈಟ್‌ಲಿಯಲ್ಲಿ ಐ. ಸೆಪರಾರೆ ಅಂದರೆ ಬೇರೆ ಮಾಡು, ಹಾಗಾಗಿ ಸೆಪರೇಟ್‌ಲಿಯಲ್ಲಿ ಎ. ಇದರಲ್ಲೇ ಇನ್ನೊಂದು ಲಾಭ ಇದೆ. ಸೆಪರೇಟ್‌ನಲ್ಲಿ ಪಿ ಆದಮೇಲೆ ಇ ಹಾಕುವವರು ಬಹಳ. ಒಳಗಿರುವುದು ಪ್ರಿಪೇರ್‌ನಲ್ಲಿರುವ ಪರಾರೆಯೇ, ಆದ್ದರಿಂದ ಎ. ಆದರೆ ಡೆಸ್ಪರೇಟ್‌ನಲ್ಲಿ ಪಿ ಆದಮೇಲೆ ಇ, ಯಾಕೆಂದರೆ ಅದು ಸ್ಪೆರಾರೆ, ಆಸೆ ಇಟ್ಟುಕೊಳ್ಳುವುದು. ಆಸೆ ಕಳೆದುಕೊಂಡವನೇ ಡೆಸ್ಪರೇಟ್.

ಎಲ್ಲ ಪದವೂ ಈ ಎರಡು ದಾರಿಯಲ್ಲೇ ಬಂದಿಲ್ಲ, ಸುಮ್ನೆ ಎಲ್ಲದಕ್ಕೂ ಹಚ್ಚಬೇಡಿ.

ಅರ್ಥ ನೆನಪಿಡಲು ನಮ್ಮ 'ಖಂಡಿತ' ಸಾಕು. ಸಂಸ್ಕೃತದಲ್ಲಿ ಅದರ ಅರ್ಥ ಕತ್ತರಿಸಿದ್ದು, ತುಂಡಾದದ್ದು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡಿದ ಅನ್ನುತ್ತೇವಲ್ವಾ, ಹಾಗೆ. ಖಂಡಿತ ಬರ್ತೀನಿ ಅಂದು ಫೀಸ್ ದಿನ ತಲೆ ತಪ್ಪಿಸಿಕೊಳ್ಳುವ ಅಪ್ಪಂದಿರ ವಿಷಯ ಬೇರೆ.